ನೋಡೋಣ

ಸಿಂಧನೂರಿನಿಂದ ರಾತ್ರಿ ಬಸ್ಸಿಗೆ ಬಂದವಳು ನಾನು,
ಒಂದು ಟ್ರಂಕು, ರೊಟ್ಟಿಯ ಹಂಚು, ವರ್ಗಾವಣೆಯ ಹಾಳೆ.
ದೊಡ್ಡಾಸ್ಪತ್ರೆಯ ಎಕ್ಸ್-ರೇ ಕೋಣೆಗೆ
ನನಗಿಂತ ಮೊದಲೇ ನನ್ನ ಹೆಸರು ಬಂದಿತ್ತು, ತಪ್ಪಾಗಿ:
ಶಂಕ್ರಮ್ಮ ಹೋಗಿ ಶಂಕ್ರಪ್ಪ.
ಯಾರೋ ಗಂಡಸು ಬರ್ತಾನೆ ಅಂತ ಕಾದಿದ್ದರಂತೆ.

ಮನೆ ಹುಡುಕುತ್ತ ಕಂಡವರನ್ನೆಲ್ಲ ಕೇಳಿದೆ,
ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ, ನಾಚದೆ:
ಹೆಂಗೈತ್ರೀ ನಿಮ್ಮೂರು? ಬಾಳೇವು ಮಾಡಬೌದಾ?

"ಮರ ಇದೆ, ನೆರಳಿದೆ, ಬನ್ನಿ" ಅಂದರು ಲಿಂಗರಾಜೇ ಅರಸರು
ಯಾದವಗಿರಿಯ ಗೇಟಿನಾಚೆಯಿಂದ, ಗೇಟು ತೆಗೆಯದೆ.
"ಆದರೆ ಬರೋರು ಜಾಸ್ತಿಯಾದರು ನೋಡಿ. ಮೊದಲೆಲ್ಲ
ಇಲ್ಲಿ ಕೂತರೆ ರೈಲಿನ ಕೂಗು ಕೇಳೋದು.
ಈಗ ಹಾರನ್ನು, ಬರೀ ಹಾರನ್ನು."
ಬರೋರು ಅಂದರೆ ನಾನೇ.
ಇಬ್ಬರೂ ಅದು ಗೊತ್ತಿಲ್ಲದವರಂತೆ ನಿಂತಿದ್ದೆವು.

ಆಟೋದ ಶಫೀವುಲ್ಲಾ: "ಎಂಟೂವರೆಗೆಲ್ಲ ಊರಿಗೆ ನಿದ್ದೆ ಬರತ್ತೆ, ಅಕ್ಕಾ.
ಚೆಂದ ಅಂದ್ರೆ ಅದೇ. ಹೊಟ್ಟೆಪಾಡಿಗೆ ತೊಂದ್ರೆ ಅಂದ್ರೂ ಅದೇ.
ದಸರಾ ಹತ್ತು ದಿನ ದುಡ್ದಿದ್ದನ್ನ ಮಕ್ಕಳ ಫೀಸಿಗೆ..."
ಹಂಪಿನ ಮೇಲೆ ಮಾತು ಅಲ್ಲಿಗೇ ಬಿತ್ತು.

ದೊಡ್ಡ ಮಾರ್ಕೆಟ್ಟಿನಲ್ಲಿ ಸೇವಂತಿಗೆ ಮಾರುವ ಚಿಕ್ಕತಾಯಮ್ಮ
ಪಾಂಡವಪುರದ ಕಡೆಯವಳು, ಬಂದು ಮೂವತ್ತೊಂದು ವರ್ಷ.
"ಮೈಸೂರಾ? ಚೆಂದಾಗದೆ ಅಂತಾರೆ ಕನವ್ವ.
ನಾನಿನ್ನೂ ಸರ್ಯಾಗಿ ನೋಡಿಲ್ಲ.
ಹೂವ ಮುಗುದ್ಮೇಲೆ ನೋಡವ ಅನ್ಕಂಡೆ.
ಹೂವ ಮುಗ್ಯಕಿಲ್ಲ."

ಐದು ಗಂಟೆಯ ಚಳಿಯಲ್ಲಿ ಪೊರಕೆ ಹಿಡಿದ ನರಸಮ್ಮ ನಗಲೇ ಇಲ್ಲ.
"ಎಷ್ಟು ಸ್ವಚ್ಛ ಊರು ಅಂತ ಎಲ್ರೂ ಹೊಗಳ್ತಾರೆ.
ಊರನ್ನ ಕೇಳ್ಬೇಡಿ, ನನ್ ಸೊಂಟನ ಕೇಳಿ."
ಅದು ನನಗೆ ಬರುವ ಕೆಲಸ. ಮರುವಾರ ಅವಳೇ ಬಂದಳು.
ಮಲಗಿಸಿ, ಉಸಿರು ಹಿಡಿಯವ್ವ ಅಂದೆ.
ಬೆಳಕಿಗೆ ಹಿಡಿದ ಫಿಲ್ಮಿನಲ್ಲಿ
ನಾಲ್ಕನೇ ಐದನೇ ಮೂಳೆಯ ನಡುವೆ ಸವೆದ ಸಂದು;
ಒಂದಿಡೀ ಬಡಾವಣೆಯ ರಸ್ತೆಗಳು
ಅದರೊಳಗೆ ಹಾದು ಹೋಗಿದ್ದವು.

ಮನೆಗಳು ಖಾಲಿಯಿದ್ದವು. ಬೋರ್ಡು ತೂಗುತ್ತಿದ್ದವು.
ಕಾಫಿ ಕೊಟ್ಟರು, ಸುಳ್ಳು ಹೇಳಬಾರದು, ನೊರೆ ಕಾಫಿ.
ಹಜಾರ, ಬಚ್ಚಲು ತೋರಿಸಿ, ಕಾವೇರಿ ನೀರೇ ಅಂತ
ನಲ್ಲಿ ತಿರುಗಿಸಿ ಕುಡಿಯಲೂ ಕೊಟ್ಟರು.
ಆಮೇಲೆ ಮೆಲ್ಲಗೆ: "ತಾವು... ಯಾವ ಪೈಕಿ?
ಏನಿಲ್ಲ, ಸುಮ್ನೆ ಕೇಳ್ದೆ."
ಹೇಳಿದೆ. ನಮ್ಮ ಕಡೆಯ ಗಂಟಲು, ಜೋರು.
ಲೋಟ ಬೇರೆ ಕಡೆಗೆ ಹೋಯಿತು.
"ಯಜಮಾನರು ಬರಲಿ, ನೋಡೋಣ."

ನಮ್ಮೂರಲ್ಲೂ ಕೊಡುವುದಿಲ್ಲ. ಆದರೆ ಹೊಸ್ತಿಲಲ್ಲೇ
ಇಲ್ಲ, ನಡಿ ಅಂತಾರೆ. ಬೈದಾದರೂ ಬರಬಹುದು.
ಇಲ್ಲಿ ಬೈಯಲು ಕೈಗೆ ಏನೂ ಸಿಗುವುದಿಲ್ಲ.
ನೋಡೋಣ:
ತಿರುಗಣಿಗೆ ಎಣ್ಣೆ ಬಿಟ್ಟ ಬಾಗಿಲು,
ಮುಚ್ಚಿದ್ದು ಬೀದಿಗೆ ಬಂದ ಮೇಲೆ ಗೊತ್ತಾಗುತ್ತದೆ.

ಹನ್ನೊಂದು ನೋಡೋಣಗಳಾದವು. ಹನ್ನೆರಡನೆಯದಕ್ಕೆ ಹೊರಟವಳ ಕೈಗೆ
ವಾರ್ಡಿನ ಲೂರ್ದಮ್ಮ ಸಿಸ್ಟರ್ ಒಂದು ಬೀಗದ ಕೈ ಇಟ್ಟರು.
"ಗಾಂಧಿನಗರ. ನಮ್ಮ ಮಹಡಿ ಮೇಲೆ ಶೀಟಿನ ಕೋಣೆ.
ಬೇಸಿಗೇಲಿ ಬೇಯ್ತೀಯ. ಇರು."

ಬೇಯುತ್ತಲೇ ಇದು ನಾಲ್ಕನೇ ವರ್ಷ.
ಸಂಜೆ ಮೆಟ್ಟಿಲ ಮೇಲೆ ಕೂತರೆ ಬೆಟ್ಟದ ದೀಪ ಕಾಣುತ್ತದೆ,
ಎದುರಿನವರು ಹೊಸ ಮಹಡಿ ಎತ್ತುವವರೆಗೆ.
ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ಕೂಸು
ಎಚ್ಚರಾಗುತ್ತಿತ್ತು ಮೊದಲು, ಈಗ ಮಲಗುತ್ತದಂತೆ.

ನಿನ್ನೆ ತಮ್ಮ ದುರುಗೇಶನ ಫೋನು:
"ರಾಯಚೂರಾಗ ನಿನ್ನ ಪೋಸ್ಟ್ ಖಾಲಿ ಆಗೇತಂತ. ಅರ್ಜಿ ಹಾಕು.
ಬರ್ತಿಯೋ, ಇಲ್ಲೋ? ಒಂದ ಮಾತು ಹೇಳು."
ಒಲೆಯ ಮೇಲೆ ಹಂಚು ಕಾದಿತ್ತು.
"ನೋಡೋಣ" ಅಂದೆ.

ಅತ್ತ ಕಡೆ ಬಹಳ ಹೊತ್ತು ಸದ್ದಿಲ್ಲ.
"ಯಾಕಕ್ಕ, ಹಿಂಗ್ಯಾಕ ಮಾತಾಡಾಕತ್ತಿ?
ಬಾಜೂಕ ಯಾರರ ಅದಾರೇನು?"